ಮೊಮ್ಮಗಳ ನಾಯಿಗೆ ಓಡುವ ಜಾಗ

ನನ್ನ ಮಗಳ ಮಗಳು ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಏಳನೇ ಕ್ಲಾಸಿನವರೆಗೆ ಹಿಂದೂಪುರದಲ್ಲಿ, ನನ್ನ ಮನೆಯಲ್ಲೇ ಬೆಳೆದವಳು. ರಜ ಸಿಕ್ಕಿದರೆ ಮೊದಲು ನನ್ನ ಬಾಗಿಲಿಗೆ ಬರುತ್ತಿದ್ದಳು. ಕಲ್ಯಾಣದುರ್ಗದಲ್ಲಿರುವ ಅವಳ ಅಪ್ಪನ ತಾಯಿಯ ಮನೆಗೆ ಒಂದು ದಿನದ ಮಟ್ಟಿಗೆ ಹೋಗಿ ಮುಖ ತೋರಿಸಿ ವಾಪಸ್ಸು ಬಂದುಬಿಡುತ್ತಿದ್ದಳು. ನನಗೆ ಅದು ಸರಿಯಾಗಿಯೇ ಕಾಣುತ್ತಿತ್ತು. ನಾಯಿ ಸಾಕಿದ ಮೇಲೆ ಎಲ್ಲ ತಲೆಕೆಳಗಾಯಿತು.

ಕಲ್ಯಾಣದುರ್ಗದವಳು ನನಗೆ ಬೀಗಿತ್ತಿ. ನನಗಿಂತ ಎರಡು ವರ್ಷ ಚಿಕ್ಕವಳು, ಮೊಣಕಾಲು ಇನ್ನೂ ಗಟ್ಟಿಯಾಗಿವೆ. ಮೊಮ್ಮಗಳು ನನ್ನನ್ನು ಅಜ್ಜಿ ಎನ್ನುತ್ತಾಳೆ, ಅವಳನ್ನು ಆ ಕಡೆಯ ತೆಲುಗಿನಲ್ಲಿ ಜೇಜಿ ಎನ್ನುತ್ತಾಳೆ. ಜೇಜಿಗೆ ಚೀನಿ ತೋಟವಿದೆ. ಬೆಂಗಳೂರಿನವರು ಮೋಸಂಬಿ ಎನ್ನುವ ಹಣ್ಣನ್ನು ನಾವು ಚೀನಿ ಎನ್ನುತ್ತೇವೆ. ಕಾಡುಹಂದಿ, ಕರಡಿ ನುಗ್ಗುತ್ತವೆಂದು ತೋಟದ ಸುತ್ತ ಆಳೆತ್ತರದ ಜಾಲರಿ ಬೇಲಿ ಹಾಕಿಸಿದ್ದಾಳೆ. ಹಂದಿಗೆಂದು ಹಾಕಿದ ಬೇಲಿ ನಾಯಿಗೆ ಒದಗಿತು. ಮೊಮ್ಮಗಳು ಒಮ್ಮೆ ಅಲ್ಲಿ ನಾಯಿಯ ಹಗ್ಗ ಬಿಚ್ಚಿದಳು, ಅದು ಸಾಲಿನಿಂದ ಸಾಲಿಗೆ ಓಡಿತು, ಅವಳಿಗೆ ಕಣ್ಣು ತುಂಬಿ ಬಂತಂತೆ. ಇದನ್ನು ಬೀಗಿತ್ತಿಯೇ ಫೋನಿನಲ್ಲಿ ನನಗೆ ಎರಡು ಸಲ ಹೇಳಿದಳು.

ಅಲ್ಲಿಂದ ಮೂರು ರಜ ನನ್ನ ಮೊಮ್ಮಗಳು ಕಲ್ಯಾಣದುರ್ಗಕ್ಕೇ ಹೋದಳು. ಅವಳದೊಂದು ಹಳೆಯ ಸಣ್ಣ ಕಾರಿದೆ. ದಾರಿಯಲ್ಲಿ ನನ್ನ ಮನೆ ಮುಂದೆ ನಿಲ್ಲಿಸುತ್ತಾಳೆ, ಎಂಜಿನ್ ಆರಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ಮಾಗಿದ ಜೋಳದ ಬಣ್ಣದ ಕೂದಲಿನ ಆ ನಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಜಮೀನ್ದಾರನ ಹಾಗೆ ಕೂತಿರುತ್ತದೆ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ನನ್ನ ನಾಲಿಗೆಗೆ ಹತ್ತುವುದಿಲ್ಲ.

"ಇಳಿದು ಕಾಫಿ ಕುಡಿಯೇ."

"ಬಿಸಿಲೇರ್ತದೆ ಅಜ್ಜಿ, ಇವನಿಗೆ ಆಗಲ್ಲ. ಬತ್ತಾ ಬತ್ತೀನಿ."

"ಇಲ್ಲೇ ಇಳ್ಕೊಂಡ್ರೆ ಏನಾಯ್ತದೆ?"

"ಇಲ್ಲಿ ಎಲ್ಲಿ ಬಿಡ್ಲಿ ಇವನ್ನ? ಹಿಂದೂಪುರದಲ್ಲಿ ಹಗ್ಗ ಬಿಚ್ಚೋ ಜಾಗ ಎಲ್ಲೈತೆ ಹೇಳು?"

ಕಾರು ಹೋಯಿತು. ಒಳಗೆ ಬಂದು ಮಾಡಿದ್ದ ಒಬ್ಬಟ್ಟನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟೆ. ಹೊಟ್ಟೆ ಉರಿಯಿತು ಎಂದು ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಉರಿಯಿತು. ಆ ಹೆಂಗಸು ನನ್ನ ಮೊಮ್ಮಗಳಿಗೆ ಒಂದು ದಿನ ತಲೆ ಬಾಚಿದವಳಲ್ಲ, ಕಜ್ಜಿಯಾದಾಗ ಔಷಧಿ ಹಚ್ಚಿದವಳಲ್ಲ. ಒಂದು ತಂತಿ ಬೇಲಿಯಿಂದ ಹುಡುಗಿಯನ್ನು ಕಿತ್ತುಕೊಂಡಳು.

ನಾಯಿಗೆ ಜಾಗವೆಂದರೆ ಏನೆಂದು ನಾನು ಬೆಂಗಳೂರಿನಲ್ಲಿ ನೋಡಿದ್ದೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದಾಗ ಅವಳ ರೂಮಿನಲ್ಲಿ ಹದಿನೈದು ದಿನ ಇದ್ದೆ. ಒಂದು ಭಾನುವಾರ ಬೆಳಿಗ್ಗೆ ನನ್ನನ್ನೂ ನಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದು ಗಂಟೆ ದಾರಿ ಹೋದಳು. ಹತ್ತಿರದಲ್ಲಿ ಪಾರ್ಕಿಲ್ಲವೇ ಎಂದೆ. ಇದೆಯಂತೆ, ಆದರೆ ಅದರ ಬೋರ್ಡಿನಲ್ಲಿ ನಾಯಿ ತರಬಾರದು ಎಂದು ಬರೆದಿದ್ದಾರಂತೆ. ಇನ್ನೊಂದರಲ್ಲಿ ಬೇಲಿ ಕೆಳಗೆ ಸಂದು, ಒಂದು ನಾಯಿ ನುಸುಳಿ ರಸ್ತೆಗೆ ಬಂದು ಬಸ್ಸಿಗೆ ಸಿಕ್ಕಿತಂತೆ. ಮತ್ತೊಂದರಲ್ಲಿ ದೊಡ್ಡ ನಾಯಿ ಸಣ್ಣ ನಾಯಿ ಒಂದೇ ಕಡೆ, ದಿನಾ ಕಚ್ಚಾಟ, ಸಾಕಿದವರದೂ ಜಗಳ. ಅವಳು ಆರು ತಿಂಗಳು ಫೋನಿನಲ್ಲಿ ಹುಡುಕಿ, ಅಲ್ಲಿ ಇಲ್ಲಿ ಹೋಗಿ ನೋಡಿ, ಕೊನೆಗೆ ಇದನ್ನು ಗೊತ್ತು ಮಾಡಿದ್ದಳು. ಗಂಡು ಹುಡುಕುವಾಗಲೂ ಇಷ್ಟು ವಿಚಾರಿಸುವುದಿಲ್ಲ ಎಂದೆ. ಅವಳು ನಕ್ಕಳು. "ಗಂಡಿಗೆ ಬೇಲಿ ಯಾಕಜ್ಜಿ?" ಎಂದಳು.

ಆ ಪಾರ್ಕಿಗೆ ಎರಡು ಗೇಟು, ಒಂದರ ಹಿಂದೆ ಒಂದು. ಮೊದಲನೆಯದನ್ನು ಹಾಕಿ ಆಮೇಲೆ ಎರಡನೆಯದನ್ನು ತೆಗೆಯಬೇಕು. ಯಾರಾದರೂ ಒಳಗೆ ಬರುವಾಗ ಬೇರೆ ನಾಯಿ ಹೊರಗೆ ಹಾರಬಾರದು, ಅದಕ್ಕೆ. ಒಳಗೆ ನೆರಳು, ನಲ್ಲಿ, ಕೂರಲು ಕಲ್ಲುಬೆಂಚು. ಒಳಗೆ ಹೋಗಿ ಅವಳು ಹಗ್ಗ ಬಿಚ್ಚಿದಳು. ನಾಯಿ ಒಂದು ಗಳಿಗೆ ನಿಂತು, ನಿಜವಾಗಿ ಬಿಚ್ಚಿದ್ದಾಳಾ ಎಂದು ತಿರುಗಿ ನೋಡಿ, ಆಮೇಲೆ ಓಡಿತು. ಅದು ಸುಸ್ತಾಗಿ ಬಂದಾಗ ಬಾಟಲಿಯ ನೀರನ್ನು ಮೊದಲು ಅದರ ಬಟ್ಟಲಿಗೆ ಸುರಿದಳು. ಮಿಕ್ಕಿದ್ದನ್ನು ನನಗೆ ಕೊಟ್ಟಳು. ನಾನು ಕುಡಿದೆ, ಮರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಾನೇ ಹಿಂದೂಪುರದಲ್ಲಿ ಜಾಗ ಹುಡುಕಲು ಹೊರಟೆ. ಯುಗಾದಿಗೆ ಅವಳಿಗೆ ಐದು ದಿನ ರಜ ಇತ್ತು. ಅಷ್ಟರೊಳಗೆ ಆಗಬೇಕು. ನಮ್ಮ ಬೀದಿಯ ಆಟೋದವನನ್ನು ಕರೆದೆ. ನನ್ನ ಮಗನ ವಯಸ್ಸಿನವನು, ಬಾಯಿ ಜಾಸ್ತಿ.

"ಎಲ್ಲಿಗಮ್ಮೋ?"

"ನಾಯಿ ಬಿಡಕ್ಕೆ ಒಂದು ಜಾಗ ಬೇಕು ಕಣಪ್ಪ. ಸುತ್ತ ಗೋಡೆನೋ ಬೇಲಿನೋ ಇರ್ಬೇಕು."

"ನಾಯಿ ಬಿಡಕ್ಕೆ ಜಾಗ ಯಾಕಮ್ಮ, ಊರೆಲ್ಲ ಬಿಟ್ಟೇ ಅವೆ!"

"ಬೀದಿ ನಾಯಿ ಅಲ್ಲ. ಹಗ್ಗ ಹಾಕಿ ಸಾಕಿರೋ ನಾಯಿ. ಅದರ ಹಗ್ಗ ಬಿಚ್ಚಕ್ಕೆ."

"ಹಗ್ಗ ಬಿಚ್ಚಿ ಗೋಡೆ ಒಳಗೆ ಬಿಡ್ತೀಯ. ಅಂದ್ರೆ ಇನ್ನೂ ಉದ್ದನೆ ಹಗ್ಗ ಅನ್ನು."

"ಬಾಯಿ ಮುಚ್ಕೊಂಡು ಗಾಡಿ ಹೊಡಿ."

ಕಾಲೇಜಿನ ಮೈದಾನಕ್ಕೆ ಹೋದೆವು. ಗೋಡೆ ಚೆನ್ನಾಗಿದೆ, ಗೇಟು ಇಲ್ಲ. ಒಳಗೆ ನಾಲ್ಕು ಕಡೆ ಕ್ರಿಕೆಟ್ಟು. ನಾಯಿ ಚೆಂಡು ಕಚ್ಚಿಕೊಂಡು ಓಡಿದರೆ ಹುಡುಗರು ಬ್ಯಾಟಿನಿಂದ ಅದರ ಕಾಲು ಮುರಿಯುತ್ತಾರೆ. ಊರಾಚೆ ಹೊಸ ಲೇಔಟಿಗೆ ಹೋದೆವು. ಕಲ್ಲು ನೆಟ್ಟಿದ್ದಾರೆ, ಬೇಲಿ ಇಲ್ಲ. ನೆಲದ ತುಂಬ ಒಡೆದ ಬಾಟಲಿ, ಜಾಲಿ ಮುಳ್ಳು. ಕೆರೆ ಅಂಗಳಕ್ಕೆ ಹೋದೆವು. ನಾನು ಇಳಿಯುವ ಮೊದಲೇ ಬೀದಿ ನಾಯಿಗಳ ದಂಡು ಆಟೋ ಸುತ್ತ ನಿಂತಿತು. ಆಟೋದವನು ಕಾಲು ಮೇಲಕ್ಕೆ ಎತ್ತಿಕೊಂಡು, "ಇಲ್ಲಿ ಪಾರ್ಕು ಆಲ್ರೆಡಿ ನಡೀತೈತಲ್ಲಮ್ಮ" ಎಂದ.

ಕೊನೆಗೆ ಹುಣಸೆ ಮಂಡಿಗೆ ಹೋದೆ. ಅಲ್ಲಿನ ಒಂದು ಅಂಗಳದಲ್ಲಿ ನಾನು ಎಷ್ಟೋ ವರ್ಷ ಹುಣಸೆಹಣ್ಣು ಬಡಿದು ಬೀಜ ತೆಗೆದವಳು. ಎತ್ತರದ ಗೋಡೆ, ಕಬ್ಬಿಣದ ಗೇಟು, ಒಳಗೆ ತೊಟ್ಟಿ ನೀರು. ಆದರೆ ಅದು ಹುಣಸೆಯ ಕಾಲ. ಅಂಗಳದ ತುಂಬ ಹಣ್ಣು ಹರಡಿತ್ತು. ಮಂಡಿಯವನು ನನ್ನನ್ನು ಗುರುತು ಹಿಡಿದು ಟೀ ತರಿಸಿದ, ವಿಷಯ ಕೇಳಿ ಗಾಬರಿಯಾದ.

"ನಾಯಿ ಕೂದ್ಲು ಹುಣಸೆಹಣ್ಣಿಗೆ ಅಂಟ್ಕೊಂಡ್ರೆ ನನ್ನ ವ್ಯಾಪಾರ ಏನಾಯ್ತದಮ್ಮ?"

ಅವನು ಹೇಳಿದ್ದು ಸರಿ. ಬೇರೆಯವರ ಜಾಗ ಬೇರೆಯವರದೇ ಎಂದು ತಿಳಿದು ಮನೆಗೆ ಬಂದೆ.

ಗೋರಂಟ್ಲ ದಾರಿಯಲ್ಲಿ ನನ್ನ ಹೆಸರಿಗೆ ಒಂದೂವರೆ ಎಕರೆ ಹೊಲವಿದೆ. ಕಡಲೆಕಾಯಿ ಕಿತ್ತಾಗಿತ್ತು, ಬಯಲಾಗಿ ಬಿದ್ದಿತ್ತು. ಒಂದು ಮೂಲೆಯಲ್ಲಿ ಹೊಂಗೆಮರ, ಪಕ್ಕದವರ ಬೋರಿನ ನೀರು. ಬೇಲಿ ಮಾತ್ರ ಇಲ್ಲ. ಅದಕ್ಕೆ ದಾರಿ ತಾನಾಗಿಯೇ ನಡೆದುಕೊಂಡು ಬಂತು. ಬೇಸಿಗೆ ಬಂತೆಂದರೆ ಸೆಟ್ಟೂರು ಕಡೆಯಿಂದ ಕುರಿಯವರು ಮಂದೆ ಹೊಡೆದುಕೊಂಡು ನಮ್ಮ ಕಡೆ ಬರುತ್ತಾರೆ. ರಾತ್ರಿ ಹೊತ್ತು ಯಾರ ಹೊಲದಲ್ಲಿ ಮಂದೆ ಕೂರಿಸಿದರೆ ಅವರ ಹೊಲಕ್ಕೆ ಹಿಕ್ಕೆ, ಗಂಜಲ ಗೊಬ್ಬರವಾಗುತ್ತದೆ. ಮರಿಗಳು ಚದುರದ ಹಾಗೆ ಗೂಟ ನೆಟ್ಟು ನೈಲಾನ್ ಬಲೆ ಕಟ್ಟುತ್ತಾರೆ. ನನ್ನ ಹೊಲಕ್ಕೆ ಪ್ರತಿ ವರ್ಷ ಬರುವ ಮುದುಕನೊಬ್ಬನಿದ್ದಾನೆ. ಅವನನ್ನು ಹಿಡಿದೆ.

"ನಿನ್ನ ಹತ್ರ ಹಳೇ ಬಲೆ ಎಷ್ಟೈತಪ್ಪ?"

"ಐತೆ ಅಕ್ಕ, ತೂತು ಬಿದ್ದಿರೋವು. ಯಾಕೆ?"

"ಹೊಲದ ಸುತ್ತ ಕಟ್ಟಿ ಕೊಡು. ಯುಗಾದಿ ಮುಗಿಯೋಗಂಟ ಇರ್ಲಿ. ತೂತು ನಾನೇ ಹೊಲ್ಕೋತೀನಿ."

"ಯಾವ ಕುರಿಗೆ?"

"ನಾಯಿಗೆ."

ಅವನು ನನ್ನ ಮುಖ ನೋಡಿದ. "ಕುರಿ ಕಾಯಕ್ಕೆ ನಾಯಿ ಸಾಕ್ತೀವಿ ನಾವು. ನೀನು ನಾಯಿ ಕಾಯಕ್ಕೆ ಬಲೆ ಕಟ್ಟಿಸ್ತೀಯಾ?"

ಆದರೂ ಕಟ್ಟಿದ. ನಾನು ಎಂಟು ದಿನ ಕೂತು ತೂತು ಹೊಲಿದೆ. ಬಲೆಯ ಕೆಳಗೆ ಸಂದಿರಬಾರದು ಎಂದು ಸುತ್ತಲೂ ಕಲ್ಲು ಜೋಡಿಸಿದೆ. ಬಾಗಿಲಿಗೆ ಬಿದಿರಿನ ತಡಿಕೆ ಎರಡು ಕೇಳಿದೆ, ಒಂದರ ಹಿಂದೆ ಒಂದು.

"ನೂರು ಕುರಿಗೆ ಒಂದು ತಡಿಕೆ ಸಾಕು, ಒಂದು ನಾಯಿಗೆ ಎರಡಾ?"

"ಬೆಂಗಳೂರು ನಾಯಿ ಕಣಪ್ಪ. ಕಟ್ಟು."

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಮ್ಮಲ್ಲಿ ಹೊಲ ಚೆನ್ನಾಗಿ ಮಾಡುವುದೆಂದರೆ ಮಂದೆ ಕೂರಿಸುವುದು. ಬೇರೆ ದಾರಿ ನನಗೆ ಹೊಳೆಯಲೂ ಇಲ್ಲ. ಕುರಿ ಕೂತರೆ ಕೂಳೆ, ಕಳೆ, ಮುಳ್ಳಿನ ಗಿಡ ಎಲ್ಲ ತಿಂದು ನೆಲ ಚೊಕ್ಕವಾಗುತ್ತದೆ, ಗೊರಸು ತುಳಿದು ಮಣ್ಣು ಮೆತ್ತಗಾಗುತ್ತದೆ, ನಾಯಿಯ ಅಂಗಾಲಿಗೆ ಹಿತ. ಹೇಗೂ ಬಲೆ ಕಟ್ಟಿದ್ದಾನೆ, ಹೇಗೂ ಗೊಬ್ಬರ ಬೇಕು. ಯುಗಾದಿಗೆ ಮುಂಚೆ ಮೂರು ರಾತ್ರಿ ಮಂದೆ ಕೂರಿಸಿದೆ.

ಆಮೇಲೆ ಮೊಮ್ಮಗಳಿಗೆ ಫೋನ್ ಮಾಡಿದೆ.

"ಈ ಸಲ ಇಲ್ಲಿಗೇ ಬಾ. ನಾಯಿಗೆ ಜಾಗ ಮಾಡೀನಿ."

"ಬೇಲಿ ಐತಾ ಅಜ್ಜಿ?"

"ಐತೆ. ಎರಡು ಗೇಟು ಐತೆ."

"ಎರಡು ಗೇಟಾ! ನಿಜವಾ?"

ಅಷ್ಟು ಖುಷಿಯ ದನಿ ನನಗೆಂದು ಅವಳ ಬಾಯಿಂದ ಬಂದು ಬಹಳ ದಿನವಾಗಿತ್ತು. ಅದು ನನಗೆಂದು ಬಂದದ್ದಲ್ಲ, ಗೇಟಿಗೆಂದು ಬಂದದ್ದು. ಆಗಲಿ ಎಂದುಕೊಂಡೆ. ಎರಡು ದಿನ ನನ್ನ ಹತ್ತಿರ, ಮೂರು ದಿನ ಜೇಜಿ ಹತ್ತಿರ ಎಂದು ಒಪ್ಪಿದಳು. ಮೂರು ಅವಳಿಗೆ ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಹಬ್ಬದ ಹಿಂದಿನ ದಿನ ಕಾರು ಬಂತು. ಎಂಜಿನ್ ಆರಿತು. ಸಂಜೆ ಹೊಲಕ್ಕೆ ಹೋದೆವು. ಮೊದಲನೇ ತಡಿಕೆ ಹಾಕಿ ಎರಡನೆಯದು ತೆಗೆಯುವುದು ಹೇಗೆಂದು ನಾನೇ ತೋರಿಸಿಕೊಟ್ಟೆ. ಅವಳು ಹಗ್ಗ ಬಿಚ್ಚಿದಳು. ನಾಯಿ ಓಡಿತು. ಹೊಂಗೆಮರ ಸುತ್ತಿತು, ಬಲೆಯ ಉದ್ದಕ್ಕೂ ಓಡಿತು, ಆಮೇಲೆ ಕುರಿ ಹಿಕ್ಕೆಯಲ್ಲಿ ಬೆನ್ನು ಹಾಕಿ ಕಾಲು ಮೇಲೆ ಮಾಡಿ ಹೊರಳಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆದಳು. ಕಲ್ಯಾಣದುರ್ಗಕ್ಕೆ ಕಳಿಸು ಎಂದು ನಾನೇ ಹೇಳಿದೆ. ಅಷ್ಟು ಸಂತೋಷದಿಂದ ನಾನು ಬೇವುಬೆಲ್ಲ ತಿಂದ ವರ್ಷ ಇನ್ನೊಂದಿಲ್ಲ.

ಹಬ್ಬದ ಮಧ್ಯಾಹ್ನ ನಾಯಿ ಕಿವಿ ಕೆರೆದುಕೊಳ್ಳುತ್ತಾ ಇತ್ತು. ಮೊಮ್ಮಗಳು ಅದರ ಕಿವಿ ಮಗುಚಿ ನೋಡಿ ಚೀರಿದಳು. ಒಳಗೆ ಉಣುಗು. ಒಂದೆರಡಲ್ಲ. ಕಿವಿಯಲ್ಲಿ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ಆ ಜೋಳದ ಬಣ್ಣದ ಕೂದಲಿನ ಅಡಿಯಲ್ಲಿ ಎಳ್ಳುಕಾಳಿನ ಹಾಗೆ ಕಚ್ಚಿಕೊಂಡು ಕೂತಿದ್ದವು.

"ಅಜ್ಜಿ, ಅಲ್ಲಿ ಕುರಿ ಕೂರ್ಸಿದ್ಯಾ?"

"ಹೊಲ ಚೆನ್ನಾಗಾಗ್ಲಿ ಅಂತ ಕಣೇ."

"ನಾಯಿ ಓಡಕ್ಕೆ ಜಾಗ ಅಂದ್ರೆ ರಾಗಿ ಬಿತ್ತಕ್ಕೆ ರೆಡಿ ಮಾಡಿದ್ಯಲ್ಲಜ್ಜಿ!"

"ನಮ್ಮ ನಾಯಿಗಳು ಉಣುಗು ಕಚ್ಚಿಸ್ಕೊಂಡೇ ಬೆಳೆದ್ವು. ಯಾವುದೂ ಅಳಲಿಲ್ಲ."

"ಯಾವುದೂ ಬದುಕ್ಲೂ ಇಲ್ಲ! ಇದಕ್ಕೆ ಜ್ವರ ಬತ್ತದೆ. ರಕ್ತ ಕಮ್ಮಿ ಆಯ್ತದೆ. ನಾನು ದಿನಾ ಅದೇ ನೋಡೋದು ಅಲ್ವಾ?"

ಅವಳು ಅತ್ತಳು. ತಪ್ಪು ನನ್ನದೇ, ಒಪ್ಪಿಕೊಂಡೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಮಾರನೇ ದಿನ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಎಂಟು ದಿನ ದಿನಾ ಮೈ ನೋಡಿ ಆರಿಸಬೇಕು, ಅಲ್ಲಿಯವರೆಗೆ ಬೇರೆ ದನ ನಾಯಿಗಳ ಹತ್ತಿರ ಬಿಡಬಾರದು ಎಂದರು. ಮೊಮ್ಮಗಳು ಜೇಜಿಗೆ ಫೋನ್ ಮಾಡಿದಳು. ನಾನು ಬೆಳ್ಳುಳ್ಳಿ ಬಿಡಿಸುತ್ತಾ ಪಕ್ಕದಲ್ಲೇ ಇದ್ದೆ. ಬೀಗಿತ್ತಿಗೆ ಎರಡು ಸೀಮೆಹಸುಗಳಿವೆ.

"ವದ್ದಮ್ಮಾ, ಇಕ್ಕಡಿಕಿ ತೇವದ್ದು! ಮನ ಆವುಲಕಿ ಪಟ್ಟುಕುಂಟಾಯಿ" ಎಂದು ಫೋನು ಕೂಗಿತು. ಇಲ್ಲಿಗೆ ತರಬೇಡ, ನಮ್ಮ ಹಸುಗಳಿಗೆ ಹತ್ತುತ್ತವೆ ಎಂದು.

ನಾನು ಬೆಳ್ಳುಳ್ಳಿಯನ್ನೇ ನೋಡುತ್ತಿದ್ದೆ. ಮುಖ ಎತ್ತಿದ್ದರೆ ಹುಡುಗಿಗೆ ಗೊತ್ತಾಗಿಬಿಡುತ್ತಿತ್ತು.

ಅವಳು ಲ್ಯಾಬಿಗೆ ಫೋನ್ ಮಾಡಿ ರಜ ಮುಂದುವರಿಸಿದಳು. ಎಂಟು ದಿನ ನನ್ನ ಮನೆಯಲ್ಲಿದ್ದಳು. ಇದ್ದಳು ಎಂದರೆ ಹಿತ್ತಿಲ ಕಟ್ಟೆಯ ಮೇಲೆ ನಾಯಿಯನ್ನು ಮಲಗಿಸಿಕೊಂಡು, ನನಗೆ ಬೆನ್ನು ಹಾಕಿಕೊಂಡು, ಸಣ್ಣ ಚಿಮಟದಲ್ಲಿ ಉಣುಗು ಕೀಳುತ್ತಾ ಇದ್ದಳು. ಮೊದಲ ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ದಿನ ನಾನು ಬಟ್ಟಲಿಗೆ ಸೀಮೆಎಣ್ಣೆ ಹಾಕಿಕೊಂಡು ಹೋಗಿ ಎದುರಿಗೆ ಕೂತೆ. ನನಗೆ ಚಿಮಟ ಬೇಡ. ಹುಣಸೆ ಬೀಜ ತೆಗೆದ ಬೆರಳು. ಅವಳು ಒಂದು ಕೀಳುವಷ್ಟರಲ್ಲಿ ನಾನು ನಾಲ್ಕು ಕಿತ್ತು ಬಟ್ಟಲಿಗೆ ಹಾಕಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ತಲೆ ಉಳೀಬಾರ್ದು ಅಜ್ಜಿ, ಬುಡ ಹಿಡಿದು ಕೀಳು" ಎಂದಳು. "ನನಗೆ ಹೇಳಿಕೊಡ್ತೀಯಾ" ಎಂದೆ. ಅಲ್ಲಿಗೆ ಮಾತು ಶುರುವಾಯಿತು. ನಾಯಿ ನನ್ನ ತೊಡೆಯ ಮೇಲೆ ತಲೆ ಇಟ್ಟಿತು. ಬಹಳ ಭಾರ. ಬಾಯಿ ವಾಸನೆ ಬೇರೆ.

ಐದನೇ ದಿನ ಬೀಗಿತ್ತಿ ಬಂದಳು. ಎರಡು ಬಸ್ಸು ಬದಲಾಯಿಸಿ, ಒಂದು ಚೀಲ ಚೀನಿ ಹಣ್ಣು ಹೊತ್ತುಕೊಂಡು. ನಾಲ್ಕು ವರ್ಷದಿಂದ ನನ್ನ ಮನೆಗೆ ಬಾರದಿದ್ದವಳು. ಹುಡುಗಿ ತನ್ನ ಹತ್ತಿರ ಬರಲಿಲ್ಲವೆಂದು ತಾನೇ ಬಂದಳು.

"ಏಂ ವದಿನಾ, ಹಿಂದೂಪುರಂಲೋ ಕುಕ್ಕಲಕಿ ಪಾರ್ಕು ಪೆಟ್ಟಿನಾವಂಟ?" ಎಂದಳು ಬಾಗಿಲಲ್ಲೇ. ಏನು ಅತ್ತಿಗೆ, ನಾಯಿಗಳಿಗೆ ಪಾರ್ಕು ಮಾಡಿದ್ದೀಯಂತೆ ಎಂದು ಕುಟುಕು.

"ಹೂಂ ಕಣಮ್ಮ. ನಾಯಿಗೇ ಅಂತ ಮಾಡಿದ್ದು, ಹಂದಿಗೆ ಅಂತ ಅಲ್ಲ" ಎಂದೆ.

ಮೊಮ್ಮಗಳು ತಲೆ ಬಗ್ಗಿಸಿಕೊಂಡು ನಕ್ಕಳು. ಕಾಫಿ ಕುಡಿದ ಮೇಲೆ ಬೀಗಿತ್ತಿಗೆ ಆ ಹೊಲ ನೋಡಲೇಬೇಕಾಯಿತು. ನಾಯಿಯನ್ನೂ ಮೊಮ್ಮಗಳನ್ನೂ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಆಟೋದಲ್ಲಿ ಹೋದೆವು. ಅವಳು ಎರಡೂ ತಡಿಕೆ ತೆಗೆದು ಹಾಕಿ ನೋಡಿದಳು, ಬಗ್ಗಿ ಬಲೆ ಕೆಳಗಿನ ಕಲ್ಲು ಅಲ್ಲಾಡಿಸಿ ನೋಡಿದಳು. ಆಮೇಲೆ ಹೊಂಗೆ ನೆರಳಲ್ಲಿ ಕೂತಳು. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಬೇಕಾದಾಗ ಮಾತ್ರ ಆಡುತ್ತಾಳೆ.

"ತೋಟದಾಗೆ ಗೇಟು ಹತ್ರ ಎರಡು ಸಾಲು ಗಿಡಕ್ಕೆ ಔಷಧಿ ಹೊಡಿಸೋದು ಬಿಟ್ಬುಟ್ಟೀನಿ ವದಿನಾ. ಆ ನಾಯಿ ಎಲೆ ನೆಕ್ತದೆ ಅಂತ. ಆ ಸಾಲಿನ ಹಣ್ಣೆಲ್ಲ ಮಚ್ಚೆ ಬಿದ್ದು ಹೋಯ್ತು. ಮಗನಿಗೆ ಹೇಳಿಲ್ಲ."

"ಯಾಕೆ ಹೇಳಿಲ್ಲ?"

"ಹೇಳಿದ್ರೆ ಔಷಧಿ ಹೊಡಿಸ್ತಾನೆ. ಬೇಲಿಗೆ ಬತ್ತಾಳೆ ಹುಡುಗಿ, ನನಗೆ ಅಲ್ಲ. ಅದು ನನಗೆ ಗೊತ್ತಿಲ್ವಾ?"

ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ಅವಳಿಗೂ ಭಯವಿದೆ ಎಂದು ತಿಳಿದು ಸಮಾಧಾನವಾಯಿತು, ಅಷ್ಟೇ. ಮಚ್ಚೆ ಬಿದ್ದ ಹಣ್ಣು ಜ್ಯೂಸಿಗೆ ಆಗುತ್ತದೆ ಎಂದೆ. ಅವಳು ಹೂಂ ಎಂದಳು. ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಹೋದಳು. ಹೋಗುವ ಮುಂಚೆ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ನಾನು ಮೂರು ಸಲ ಕೇಳಿದರೂ ಹುಡುಗಿ ಬಾಯಿ ಬಿಡಲಿಲ್ಲ.

ಎಂಟನೇ ದಿನ ನಾಯಿಯ ಮೈ ಶುದ್ಧವಾಗಿತ್ತು. ಜ್ವರ ಬರಲಿಲ್ಲ. ಮೊಮ್ಮಗಳು ಕಾರಿಗೆ ಸಾಮಾನು ಹಾಕುತ್ತಿದ್ದಳು. ನಾನು ಸುತ್ತಿ ಬಳಸಿ ಕೇಳುವವಳಲ್ಲ.

"ದಸರಾಗೆ ಎಲ್ಲಿಗೆ? ಇಲ್ಲಿಗೋ, ಅಲ್ಲಿಗೋ?"

ಅವಳು ಚೀಲವನ್ನು ಡಿಕ್ಕಿಗೆ ತಳ್ಳಿ ಮುಚ್ಚಿದಳು. ಆಮೇಲೆ, "ಜಾಗ ಚೆನ್ನಾಗೈತೆ ಅಜ್ಜಿ. ಕುರಿ ಕೂರಿಸ್ದೆ ಇದ್ರೆ ಬೆಂಗಳೂರಿಂದಕ್ಕಿಂತ ಚೆನ್ನಾಗೈತೆ. ಆದ್ರೆ ದಸರಾಗೆ ಹೊಲದಾಗೆ ಕಡ್ಲೆಕಾಯಿ ಇರ್ತದಲ್ಲ?" ಎಂದಳು.

ಅದನ್ನು ನಾನು ಯೋಚಿಸಿರಲಿಲ್ಲ. ಬೇಸಿಗೆಯಲ್ಲಿ ಹುಡುಕಿದ ಜಾಗ, ಬೇಸಿಗೆಗೆ ಮಾತ್ರ ಜಾಗ. ಚೀನಿ ತೋಟ ವರ್ಷವೆಲ್ಲ ತೋಟವೇ. ಅವಳು ಕಾರು ಹತ್ತಿದಳು, ನಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿತು.

ಮುಂಗಾರು ಬಿದ್ದಾಗ ಹೊಲ ಉಳುಮೆ ಮಾಡಿಸಿದೆ. ರಸ್ತೆ ಕಡೆಯ ಅರ್ಧಕ್ಕೆ ಕಡಲೆಕಾಯಿ ಬಿತ್ತಿಸಿದೆ. ಹೊಂಗೆಮರದ ಕಡೆಯ ಅರ್ಧ ಹಾಗೇ ಬಿಟ್ಟೆ. ಪೂರ್ತಿ ಬಿಡುವಷ್ಟು ಹುಚ್ಚಿ ನಾನಲ್ಲ. ಪಕ್ಕದ ಹೊಲದವರು ಯಾಕೆಂದು ಕೇಳಿದರು, ಮೊಣಕಾಲು ನೋವು ಎಂದೆ. ಕುರಿ ಮುದುಕನಿಗೆ ಫೋನ್ ಮಾಡಿ ಬಲೆ ಕಳಿಸು, ಮಂದೆ ಬೇಡ ಎಂದು ಹೇಳಿದ್ದೇನೆ. ಮೊನ್ನೆ ಮೊಮ್ಮಗಳನ್ನು ದಸರಾ ವಿಷಯ ಕೇಳಿದೆ. ಇನ್ನೂ ರಜ ಹಾಕಿಲ್ಲ, ನೋಡಿ ಹೇಳುತ್ತೇನೆ ಎಂದಳು. ತಕ್ಷಣ ಕಲ್ಯಾಣದುರ್ಗಕ್ಕೆ ಫೋನ್ ಮಾಡಿ, ಮಳೆ ಹೇಗೆ, ಹಸು ಹೇಗೆ ಎಂದು ಅದೂ ಇದೂ ಮಾತಾಡಿ ಕೊನೆಗೆ ವಿಚಾರಿಸಿದೆ. ಅವಳಿಗೂ ಅದನ್ನೇ ಹೇಳಿದ್ದಾಳೆ.